ಹುಳುಮನೆ ಪಕ್ಕದ ಒಗ್ಗರಣೆ

ಶಾಲೆಗೆ ತಪಾಸಣೆಗೆ ಬಂದಿದ್ದ ಡಾಕ್ಟರಮ್ಮ, ಮಗಳಿಗೆ ರಕ್ತ ಕಡಿಮೆ ಇದೆ ಎಂದು ಚೀಟಿಯಲ್ಲಿ ಬರೆದು ಕಳಿಸಿದ್ದರು. ಅವಳಾಗ ನಾಲ್ಕನೇ ಕ್ಲಾಸು. ಚೀಟಿ ಓದಿದ ನಾನು ಮೊದಲು ಅದನ್ನು ನಂಬಲಿಲ್ಲ. ಬೆರಳು ಚುಚ್ಚಿ ತೆಗೆದ ಒಂದು ಹನಿಯಲ್ಲಿ ಏನು ಗೊತ್ತಾಗುತ್ತದೆ ಎಂದು ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಚಿಕ್ಕಬಳ್ಳಾಪುರಕ್ಕೆ ಹೋಗಿ ಇನ್ನೊಮ್ಮೆ ಪರೀಕ್ಷೆ ಮಾಡಿಸಿದೆ. ಅಲ್ಲೂ ಅದೇ ಬಂತು. ಅಲ್ಲಿನ ಡಾಕ್ಟರು ಅವಳ ಕೆಳರೆಪ್ಪೆ ಎಳೆದು ನನಗೇ ತೋರಿಸಿದರು. ಕೆಂಪಿರಬೇಕಾದ ಕಡೆ ಬಿಳಿಚಿಕೊಂಡಿತ್ತು.

"ಸೊಪ್ಪು, ಕಾಳು, ಮೊಟ್ಟೆ ಕೊಡಿ. ಸ್ಕೂಲಲ್ಲಿ ಕೊಡೋ ಮಾತ್ರೆ ತಪ್ಪಿಸ್ಬೇಡಿ. ಆದ್ರೆ ಊಟ ಆದ್ಮೇಲೇ ನುಂಗ್ಬೇಕು, ಖಾಲಿ ಹೊಟ್ಟೇಲಿ ಅಲ್ಲ" ಅಂದರು.

ತೊಂದರೆ ಇದ್ದದ್ದೇ ಅಲ್ಲಿ. ವಾರಕ್ಕೊಮ್ಮೆ ಬಿಸಿಯೂಟವಾದ ಮೇಲೆ ಶಾಲೆಯಲ್ಲಿ ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ. ಅವಳು ನುಂಗುತ್ತಿದ್ದಳು, ಹತ್ತು ನಿಮಿಷಕ್ಕೆ ಕಕ್ಕುತ್ತಿದ್ದಳು. ಯಾಕೆಂದರೆ ಅವಳು ಊಟ ಮಾಡಿರುತ್ತಿರಲಿಲ್ಲ.

"ಯಾಕಮ್ಮ ಊಟ ಬಿಡ್ತೀಯ?"

"ಸಾರು ಅರಿಶಿನದ ನೀರು ಇದ್ದಂಗಿರ್ತದೆ ಅಪ್ಪ. ನಾನೊಬ್ಳೇ ಅಲ್ಲ, ಎಲ್ಲಾರೂ ಚೆಲ್ತಾರೆ. ನಾಯಿ ಬಂದು ಮೂಸಿ ನೋಡಿ ಹೋಗ್ತದೆ."

ಡಬ್ಬಿ ಕಟ್ಟಿ ಕಳಿಸಿದೆವು. ಎಲ್ಲರೂ ಸಾಲಾಗಿ ತಟ್ಟೆ ಹಿಡಿದು ಕೂತಿರುವಾಗ ತಾನೊಬ್ಬಳೇ ಡಬ್ಬಿ ಬಿಚ್ಚಲು ನಾಚಿ ಹಾಗೇ ವಾಪಸು ತಂದಳು. ಶಿಡ್ಲಘಟ್ಟದ ಕಾನ್ವೆಂಟಿಗೆ ಹಾಕು, ಮನೆ ಮುಂದೆ ವ್ಯಾನು ಬರುತ್ತದೆ ಎಂದು ನೆಂಟರು ಬುದ್ಧಿ ಹೇಳಿದರು. ನಾನು ಹಟ ಹಿಡಿದೆ. ಚಿಂತಾಮಣಿಯ ಕಾಲೇಜೊಂದರಲ್ಲಿ ಇತಿಹಾಸ ಹೇಳಿಕೊಡುವ ನಾನು ಓದಿ ಬಂದದ್ದು ಮೇಲೂರಿನಿಂದಾಚೆಯ ಇದೇ ಊರಿನ ಇದೇ ಸರ್ಕಾರಿ ಶಾಲೆಯಲ್ಲಿ. ಸಾರು ಕೆಟ್ಟಿದ್ದರೆ ಸಾರು ಸರಿಯಾಗಬೇಕು. ಮಗು ಯಾಕೆ ಊರು ಬಿಟ್ಟು ಹೋಗಬೇಕು?

ಅದೇ ತಿಂಗಳು ಹೆಂಡತಿಯ ತಂಗಿಗೆ ಸೀಮಂತವಿತ್ತು, ಮಂಚೇನಹಳ್ಳಿ ಕಡೆ. ಮಗಳು ಅಲ್ಲಿ ತನ್ನ ಓರಗೆಯ ನೆಂಟರ ಹುಡುಗಿಯ ಹಿಂದೆ ಆ ಊರಿನ ಶಾಲೆಗೆ ಹೋಗಿ ಕೂತಳು. ಮಧ್ಯಾಹ್ನ ಕರೆತರಲು ನಾವಿಬ್ಬರೂ ಹೋದಾಗ ರಸ್ತೆಗೇ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ಹೊಡೆಯುತ್ತಿತ್ತು. ಜಗಲಿಯಲ್ಲಿ ಕೂತು ನನ್ನ ಮಗಳು ಸೊಪ್ಪಿನ ಸಾರಿನಲ್ಲಿ ಅನ್ನ ಕಲೆಸಿ ತಿನ್ನುತ್ತಿದ್ದಳು. ತಟ್ಟೆಯ ಅಂಚಿನಲ್ಲಿ ಸುಲಿದ ಮೊಟ್ಟೆಯಿತ್ತು. ಎರಡು ಸಲ ಹಾಕಿಸಿಕೊಂಡಳು ಎಂದು ನನ್ನ ನೆನಪು. ಎರಡನೇ ಸಲ ಅರ್ಧ ಸೌಟು ಅಷ್ಟೇ ಎಂದು ಹೆಂಡತಿ ಇವತ್ತಿಗೂ ತಿದ್ದುತ್ತಾಳೆ. ಅವಳ ಮಾತೇ ನಿಜವಿರಬಹುದು. ನನ್ನ ನೆನಪು ಎಂಥದ್ದು ಎಂದು ಮುಂದೆ ನಿಮಗೇ ಗೊತ್ತಾಗುತ್ತದೆ.

ಅಲ್ಲಿಗೂ ಅದೇ ಸರ್ಕಾರ, ಅದೇ ಅಕ್ಕಿ, ಅದೇ ಬೇಳೆ. ಹಾಗಾದರೆ ನಮ್ಮಲ್ಲಿ ಏನು ರೋಗ?

ಮಾರನೆಯ ದಿನ ರಜೆ ಹಾಕಿ ಶಾಲೆಯ ಅಡುಗೆಮನೆಗೆ ಹೋದೆ. ಅಡುಗೆಯಮ್ಮ ಬಿಸಿಯೂಟ ಶುರುವಾದ ವರ್ಷದಿಂದ ಅಲ್ಲೇ ಇರುವವರು. ನಾನು ಅಲ್ಲಿ ಓದಿದ ಕೊನೆಯ ವರ್ಷಗಳಲ್ಲಿ ನನಗೂ ಬಡಿಸಿದ್ದಾರೆ. ದೊಡ್ಡ ಪಾತ್ರೆಯಲ್ಲಿ ಬೇಳೆ ಕುದಿಯುತ್ತಿತ್ತು. ಹುಣಸೆರಸ, ಸಾರಿನ ಪುಡಿ ಹಾಕಿ ಅವರು ಸೌಟು ಕೆಳಗಿಟ್ಟರು.

"ಒಗ್ಗರಣೆ ಯಾವಾಗ ಹಾಕ್ತೀರಕ್ಕ?"

"ಒಗ್ಗರಣೆ ಹಾಕಂಗಿಲ್ಲ ಸಾ. ಪಕ್ಕದಲ್ಲಿ ಹುಳ ಅವೆ."

ಅಡುಗೆಮನೆಯ ಹಿಂದಿನ ಗೋಡೆಗೂ ಶಾಲಾ ಸಮಿತಿಯ ಅಧ್ಯಕ್ಷರ ರೇಷ್ಮೆ ಹುಳುಮನೆಗೂ ನಡುವೆ ಇರುವುದು ಎರಡು ಹೆಜ್ಜೆಯ ಓಣಿ. ಹುಳ ಸಾಕುವ ಮನೆಯಲ್ಲಿ ಒಗ್ಗರಣೆಯ ಹೊಗೆ ಆಡಬಾರದು, ಬೀಡಿ ಸೇದಬಾರದು, ಊದುಬತ್ತಿ ಹಚ್ಚಬಾರದು. ವಾಸನೆ ತಗುಲಿದರೆ ಹುಳ ಹಿಪ್ಪುನೇರಳೆ ಸೊಪ್ಪು ತಿನ್ನುವುದು ಬಿಡುತ್ತವೆ, ಬೆಳೆ ಹೋಗುತ್ತದೆ ಎಂಬುದು ನಮ್ಮ ಸೀಮೆಯಲ್ಲಿ ಮಕ್ಕಳಿಗೂ ಗೊತ್ತಿರುವ ಕಟ್ಟಲೆ. ನಮ್ಮ ಮನೆಯಲ್ಲೂ ಅಮ್ಮ ನಾಲ್ಕು ಬಿದಿರಿನ ತಟ್ಟೆಗಳಲ್ಲಿ ಹುಳ ಇಟ್ಟ ದಿನಗಳಲ್ಲಿ ಕಾದ ಎಣ್ಣೆಗೆ ಮೆಣಸಿನಕಾಯಿ ಬೀಳುತ್ತಿರಲಿಲ್ಲ. ಆದರೆ ಶಾಲೆಯ ಸಾರಿಗೂ ಆ ಕಟ್ಟಲೆ ಬಂದಿದೆ ಎಂದು ನನಗೆ ಹೊಳೆದಿರಲಿಲ್ಲ.

"ಹುಳ ಇಲ್ದೇ ಇರೋ ದಿನಾನಾದ್ರೂ ಹಾಕ್ಬೋದಲ್ಲ?"

"ಎಲ್ಲಿ ಇಲ್ದೇ ಇರ್ತವೆ? ಒಂದು ಬೆಳೆ ಎತ್ತಿದ್ರೆ ವಾರಕ್ಕೆ ಇನ್ನೊಂದು ತರ್ತಾರೆ. ಆ ವಾರ ಸುಣ್ಣ ಬಳ್ದು ಔಷಧಿ ಹೊಡೀತಾರೆ, ಆಗ ನಾವೇ ಕಿಟಕಿ ಹಾಕ್ಕೊಂಡು ಕೆಮ್ಮಬೇಕು."

"ಸೊಪ್ಪು?"

"ಒಗ್ಗರಣೆ ಇಲ್ದೆ ಸೊಪ್ಪು ಹಾಕಿದ್ರೆ ಹಸಿ ವಾಸ್ನೆ ಬಡೀತದೆ. ಮಕ್ಳು ಎಸ್ದು ಹೋಗ್ತಾವೆ. ಅದಕ್ಕೇ ಬಿಟ್ಬಿಟ್ಟೆ."

"ಮೊಟ್ಟೆ?"

"ಮೊಟ್ಟೆ ಬೇಯ್ಸಿದ ನೀರಿನ ವಾಸ್ನೆ ಹುಳಕ್ಕಾಗಲ್ವಂತೆ. ಬಾಳೆಹಣ್ಣು ಕೊಡ್ತೀವಲ್ಲ."

ರೇಷ್ಮೆ ಹುಳ ಪೊರೆ ಬಿಡುವಾಗ ತಿನ್ನುವುದು ನಿಲ್ಲಿಸಿ ತಲೆಯೆತ್ತಿ ಕೂರುತ್ತದೆ. ಅದಕ್ಕೆ ಜ್ವರ ಅನ್ನುತ್ತೇವೆ. ಹುಳಕ್ಕೆ ನಾಲ್ಕು ಜ್ವರ, ನಮ್ಮ ಮಕ್ಕಳಿಗೆ ವರ್ಷವೆಲ್ಲ ಪಥ್ಯ. ಗೋಡೆಯ ಆ ಕಡೆ ಹೊತ್ತು ಹೊತ್ತಿಗೆ ಹೊಸ ಸೊಪ್ಪು ಬೀಳುತ್ತಿತ್ತು. ಈ ಕಡೆ ಒಂದು ಎಲೆಯೂ ಇಲ್ಲ.

ಸಿಟ್ಟಿನಲ್ಲೇ ಮುಖ್ಯ ಶಿಕ್ಷಕಿಯ ಕೋಣೆಗೆ ನುಗ್ಗಿದೆ. ಮೊಟ್ಟೆ ಮಕ್ಕಳ ಹಕ್ಕು, ತಿನ್ನದ ಮಕ್ಕಳಿಗೆ ಮಾತ್ರ ಬಾಳೆಹಣ್ಣು, ಎಲ್ಲರಿಗೂ ಬಾಳೆಹಣ್ಣು ಕೊಡಲು ನಿಮಗೆ ಯಾರು ಹೇಳಿದರು ಎಂದು ಕೇಳಿದೆ. ಮೇಡಂ ಬೀರುವಿನಿಂದ ಒಂದು ಫೈಲು ತೆಗೆದು ನನ್ನ ಮುಂದಿಟ್ಟರು. ನನ್ನ ಮಗು ಮೊಟ್ಟೆ ತಿನ್ನುವುದಿಲ್ಲ, ಬಾಳೆಹಣ್ಣು ಕೊಡಿ ಎಂದು ತಂದೆತಾಯಿಗಳು ಬರೆದುಕೊಟ್ಟ ನಮೂನೆಗಳು. ಒಂದೊಂದೇ ತಿರುವಿದೆ. ಮಧ್ಯದಲ್ಲಿ ನನ್ನ ಮಗಳ ಹೆಸರಿತ್ತು. ಕೆಳಗೆ ನನ್ನ ಸಹಿ.

"ಇದು ನಾನು ಹಾಕಿದ್ದಲ್ಲ."

"ನೀವೇ ಸರ್. ಜೂನ್ ತಿಂಗಳಲ್ಲಿ ಗೇಟಿನ ಹತ್ರ, ಬೈಕ್ ಮೇಲೆ ಕೂತೇ ಹಾಕಿದ್ರಿ. ಕಾಲೇಜಿಗೆ ಹೊತ್ತಾಯ್ತು ಅಂದ್ರಿ."

ನನಗೆ ಅದು ಒಂದಿಷ್ಟೂ ನೆನಪಿಲ್ಲ. ಸಹಿ ಮಾತ್ರ ನನ್ನದೇ. ಹಳೆಯ ಕಾಗದಗಳನ್ನು ಅನುಮಾನಿಸಿ ಓದಬೇಕು ಎಂದು ವಿಶ್ವವಿದ್ಯಾಲಯದಲ್ಲಿ ಕಲಿತು, ಅದನ್ನೇ ಮಕ್ಕಳಿಗೆ ಕಲಿಸುವವನು ನಾನು. ನನ್ನ ಮಗಳ ಮೊಟ್ಟೆಯನ್ನು ಓದದೆ ಬರೆದುಕೊಟ್ಟಿದ್ದೆ. ನಾಚಿಕೆಯಾಯಿತು. ನಾಚಿಕೆಯಾಯಿತೆಂದು ಸುಮ್ಮನಾಗಲಿಲ್ಲ. ಹೊಸ ನಮೂನೆ ಕೇಳಿ ಅಲ್ಲೇ ಬರೆದುಕೊಟ್ಟೆ: ನನ್ನ ಮಗಳು ಮೊಟ್ಟೆ ತಿನ್ನುತ್ತಾಳೆ.

"ಒಬ್ಳಿಗೋಸ್ಕರ ಹೇಗೆ ಬೇಯ್ಸೋದು ಸರ್? ಅಧ್ಯಕ್ಷರನ್ನೊಂದು ಮಾತು ಕೇಳಿ" ಅಂದರು ಮೇಡಂ.

ಸಮಿತಿಯ ಸಭೆ ಶನಿವಾರ ಮಧ್ಯಾಹ್ನ ನಡೆಯಿತು. ತಂದೆತಾಯಿಗಳು ಬೆಂಚುಗಳ ಮೇಲೆ, ಅಧ್ಯಕ್ಷರು ಮೇಷ್ಟರ ಕುರ್ಚಿಯಲ್ಲಿ. ಅವರ ಕೊನೆಯ ಮಗಳೂ ಇದೇ ಶಾಲೆಯಲ್ಲಿ ಓದುತ್ತಾಳೆ. ತಲೆತಲಾಂತರದ ಜಮೀನಿನವರು. ನನ್ನ ಅಮ್ಮ ಅವರ ತೋಟದಲ್ಲಿ ಸೊಪ್ಪು ಕೊಯ್ದು ಹೊತ್ತು ನನ್ನನ್ನು ಓದಿಸಿದವಳು. ನಾನು ಎದ್ದು ನಿಂತು, ಗಟ್ಟಿಯಾದ ಸಾಕ್ಷಿ ನನ್ನ ಬಳಿ ಇದೆ ಎಂಬ ಧೈರ್ಯದಲ್ಲಿ ಮಾತಾಡಿದೆ.

"ನಾವು ಇಲ್ಲಿ ಓದುವಾಗ ಒಗ್ಗರಣೆ ಇತ್ತು. ಎಣ್ಣೆಯಲ್ಲಿ ಸಾಸಿವೆ ಸಿಡಿಯೋ ಸದ್ದು ಕ್ಲಾಸಿಗೆ ಕೇಳಿಸ್ತಿತ್ತು, ಮೂಗು ತುಂಬಾ ಘಮ ಬರ್ತಿತ್ತು. ಆಗ್ಲೂ ಪಕ್ಕದಲ್ಲಿ ಹುಳ ಇದ್ವು. ಏನೂ ಆಗ್ಲಿಲ್ಲ."

ಅಧ್ಯಕ್ಷರು ಬಾಗಿಲಲ್ಲಿ ನಿಂತಿದ್ದ ಅಡುಗೆಯಮ್ಮನ ಕಡೆ ತಿರುಗಿದರು. "ಏನಮ್ಮಾ, ಹಾಕ್ತಿದ್ಯಾ ಆಗ?"

ಅಡುಗೆಯಮ್ಮ ನನ್ನ ಮುಖ ನೋಡಿದರು. ಸುಳ್ಳು ಹೇಳಿ ನನ್ನನ್ನು ಉಳಿಸಬಹುದಿತ್ತು. "ಇಲ್ಲ ಸಾ. ಆಗ್ಲೂ ಇರ್ಲಿಲ್ಲ. ನೀವು ತಿಂದಿದ್ದೂ ಇದೇ ಸಾರು. ನೀವಂತೂ ತಟ್ಟೇಲೇ ಬಿಟ್ಟು ಓಡೋಗ್ತಿದ್ರಿ."

ಬೆಂಚುಗಳು ನಕ್ಕವು. ಸಾಸಿವೆ ಸಿಡಿದ ಆ ಸದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ಅದು ಎಲ್ಲಿಯದೋ ನನಗೆ ತಿಳಿಯದು. ಹಾಗಾದರೆ ಹುಳುಮನೆಗೆ ಅಂಟಿಕೊಂಡಿರುವ ಅಧ್ಯಕ್ಷರ ಮನೆಯ ಅಡುಗೆಕೋಣೆಯದೇ ಇರಬೇಕು ಎಂದು ಆ ಕ್ಷಣ ಹೊಳೆಯಿತು. ನಮ್ಮ ಮಕ್ಕಳಿಗೆ ಪಥ್ಯ, ಅವರ ಮನೆಗೆ ಒಗ್ಗರಣೆ! ಕೇಳಿಯೂಬಿಟ್ಟೆ.

"ನಿಮ್ಮ ಮನೇಲಿ ಹಾಕಲ್ವಾ ಅಣ್ಣ?"

ಅವರಿಗೆ ಕೋಪ ಬರಲಿಲ್ಲ. "ಈಗ್ಲೇ ಬಾ. ಊಟದ ಹೊತ್ತು. ನೋಡಪ್ಪಾ ನೀನೇ" ಅಂದರು.

ಹೋದೆ. ಅಮ್ಮ ಆ ಮನೆಯಲ್ಲಿ ಉಂಡಿದ್ದರೆ ಹಿತ್ತಲಲ್ಲಿ ಉಂಡಿದ್ದಳು. ನನಗೆ ಟೇಬಲ್ಲಿನ ಮೇಲೆ ತಟ್ಟೆ ಇಟ್ಟರು. ಅವರ ಹೆಂಡತಿ ಮುದ್ದೆ ಹಾಕಿ ಸಾರು ಬಿಟ್ಟರು. ಹಳದಿ ನೀರು. ಒಂದು ಸಾಸಿವೆ ಕಾಳಿಲ್ಲ. "ನಾನು ಈ ಮನೆಗೆ ಬಂದಾಗಿಂದ ಹಿಂಗೇ. ಒಗ್ಗರಣೆ ಸಾರು ತಿನ್ನಕ್ಕೆ ತೌರಿಗೆ ಹೋಗ್ಬೇಕು ನಾನು" ಎಂದು ಆಕೆ ನಕ್ಕರು. ಪಕ್ಕದಲ್ಲಿ ಅವರ ಮಗಳು ಮುದ್ದೆಯನ್ನು ಬೆರಳಲ್ಲಿ ಆಡಿಸುತ್ತಾ ಕೂತಿದ್ದಳು.

ಅವರು ಸುಳ್ಳರಲ್ಲ. ಸುಳ್ಳರಾಗಿದ್ದರೆ ನನಗೆ ಸುಲಭವಿತ್ತು. ಊಟ ಮುಗಿಸಿ ಕೈ ತೊಳೆಯುತ್ತಾ ಹೇಳಿದೆ: "ನಿಮ್ಮ ಹುಳಕ್ಕೆ ನಿಮ್ಮ ಬಾಯಿ ಕಟ್ಟಿಕೊಂಡಿದೀರ. ಅದು ನಿಮ್ಮಿಷ್ಟ ಅಣ್ಣ. ನನ್ನ ಮಗಳ ಬಾಯಿ ಯಾಕೆ ಕಟ್ಟಬೇಕು?"

"ಹುಳ ಸಾಯ್ತವಲ್ಲೋ!"

"ಸಾಯ್ತವೆ ಅಂತ ನೋಡಿದೋರು ಯಾರು?"

"ನಮ್ಮಪ್ಪ."

"ನಿಮ್ಮಪ್ಪಂಗೆ ಹೇಳಿದೋರು?"

ಅವರು ಜೋರಾಗಿ ನಕ್ಕರು. "ಇದೇ ಕಣಪ್ಪಾ ಓದಿದೋರ ಕಷ್ಟ. ಸರಿ. ಈ ಬೆಳೆ ಗೂಡು ಕಟ್ಟಾಯ್ತು. ತೋಟದಲ್ಲಿ ಹೊಸ ಸೊಪ್ಪು ಇನ್ನೂ ಎಳೇದು, ಮೂರು ವಾರ ನಾನು ಹುಳ ತರಲ್ಲ. ನಿನಗೆ ಅಷ್ಟು ಧೈರ್ಯ ಇದ್ರೆ ಒಂದು ತಟ್ಟೆ ಹುಳ ತಂದು ಆ ಅಡುಗೆಮನೇಲೇ ಇಡು. ಒಗ್ಗರಣೆ ಹಾಕಿಸು. ಬದುಕಿದ್ರೆ ಮಾತಾಡಣ."

ಒಪ್ಪಿದೆ. ಒಪ್ಪಿದ್ದು ತಪ್ಪು ಎಂದು ಆಗ ತಿಳಿಯಲಿಲ್ಲ.

ಅಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. "ಹುಳ ಅಂದ್ರೆ ಹಸುಗೂಸು ಇದ್ದಂಗೆ ಕಣೋ. ಹೊಗೇಲಿ ಮಲಗಿಸ್ತಾರೇನೋ ಯಾರಾದ್ರೂ?" ಮೂರನೆಯ ದಿನ ತಾನೇ ಮೇಲೂರಿಗೆ ಹೋಗಿ, ಪರಿಚಯದವರಿಂದ ಎರಡು ಜ್ವರ ದಾಟಿದ ಹುಳ ಒಂದು ತಟ್ಟೆಯಷ್ಟು ಕೇಳಿ ತಂದಳು. ಅಡುಗೆಮನೆಯ ಮೂಲೆಯಲ್ಲಿ ಬೆಂಚು ಹಾಕಿ, ಇರುವೆ ಹತ್ತದಂತೆ ಅದರ ಕಾಲುಗಳ ಕೆಳಗೆ ನೀರಿನ ಬಟ್ಟಲಿಟ್ಟು, ತಟ್ಟೆಯನ್ನು ಅದರ ಮೇಲಿಟ್ಟಳು. "ಸತ್ರೆ ನಿನ್ನಿಂದ. ಊರೋರು ನನ್ನ ಕೈ ಕೆಟ್ಟದು ಅಂದ್ರೆ ಮನೆ ಒಳಗೆ ಸೇರ್ಸಲ್ಲ ನಿನ್ನ."

ಮೊದಲ ದಿನ ಅಡುಗೆಯಮ್ಮ ಕಡಾಯಿಯಲ್ಲಿ ಎಣ್ಣೆ ಕಾಯಿಸಿ, ಸಾಸಿವೆ ಹಿಡಿದ ಕೈಯನ್ನು ಮೇಲೆತ್ತಿ ಹಾಗೇ ನಿಂತುಬಿಟ್ಟರು. ಇಷ್ಟು ವರ್ಷ ಆ ಕೋಣೆಯಲ್ಲಿ ಮಾಡದ ಕೆಲಸ. "ಹಾಕ್ಲಾ ಸಾ?" ಅಂದರು. "ಹಾಕಿ" ಅಂದೆ. ಅಮ್ಮ ಸೆರಗಿನಿಂದ ತಟ್ಟೆಗೆ ಅಡ್ಡ ಹಿಡಿದಳು. ಸಾಸಿವೆ ಸಿಡಿಯಿತು, ಬೆಳ್ಳುಳ್ಳಿ, ಮೆಣಸಿನಕಾಯಿ ಬಿದ್ದವು. ಜಗಲಿಯಲ್ಲಿ ಸಾಲು ನಿಂತಿದ್ದ ಮಕ್ಕಳು ಕೆಮ್ಮುತ್ತಾ ಕೂಗಿದರು. ಆ ದಿನ ದಂಟಿನ ಸೊಪ್ಪಿನ ಸಾರು. ಮಗಳು ಬಂದು, "ಅಪ್ಪ, ಇವತ್ತು ಯಾರೂ ಚೆಲ್ಲಿಲ್ಲ" ಅಂದಳು. ಆ ವಾರದ ಮಾತ್ರೆ ಹೊಟ್ಟೆಯಲ್ಲೇ ಉಳಿಯಿತು.

ನನ್ನ ಪರೀಕ್ಷೆ ಪರೀಕ್ಷೆಯೇ ಆಗಿರಲಿಲ್ಲ ಎಂಬುದನ್ನೂ ಹೇಳಬೇಕು. ಹೋಲಿಸಿ ನೋಡಲು ಇನ್ನೊಂದು ತಟ್ಟೆ ಇಟ್ಟಿರಲಿಲ್ಲ. ಅಮ್ಮ ದಿನಕ್ಕೆ ನಾಲ್ಕು ಸಲ ಬಂದು, ಒಂದೊಂದು ಎಲೆಯನ್ನೂ ಸೀರೆಯಲ್ಲಿ ಒರೆಸಿ ಹಾಕುತ್ತಿದ್ದಳು. ಅಷ್ಟು ಆರೈಕೆಯಲ್ಲಿ ಬೆಳೆದ ಹುಳ ಊರಿನ ಯಾವ ಹುಳುಮನೆಯಲ್ಲೂ ಇರಲಿಲ್ಲ. ಮೂರನೇ ಜ್ವರ ಎದ್ದವು, ನಾಲ್ಕನೇ ಜ್ವರ ಎದ್ದವು, ಗೂಡು ಕಟ್ಟುವ ಹದಕ್ಕೆ ಹಣ್ಣಾದವು. ಅಮ್ಮ ಅವನ್ನು ಆಯ್ದು ಚಂದ್ರಿಕೆ ಮೇಲೆ ಬಿಟ್ಟಳು. ಆ ಬಿದಿರಿನ ಸುತ್ತುಗಳ ನಡುವೆ ಅವು ಹಳದಿ ಗೂಡು ಕಟ್ಟಿದವು. ಒಂದಷ್ಟು ಸತ್ತವು. ಎಷ್ಟೆಂದು ನಾನು ಬರೆದಿಟ್ಟುಕೊಳ್ಳಲಿಲ್ಲ. ಬರೆದಿಡದೆ ಇದ್ದದ್ದು ಬೇಕೆಂದೇ ಇರಬಹುದು.

ಸಭೆಗೆ ಚಂದ್ರಿಕೆಯನ್ನೇ ತಂದು ಗೋಡೆಗೆ ಒರಗಿಸಿದೆ. ಅಧ್ಯಕ್ಷರು ಒಂದು ಗೂಡು ಬಿಡಿಸಿ, ಅದುಮಿ, ಕಿವಿಯ ಹತ್ತಿರ ಅಲ್ಲಾಡಿಸಿದರು.

"ಗಟ್ಟಿಯಾಗೇ ಐತೆ. ಇದು ನಿಮ್ಮಮ್ಮನ ಕೈಗುಣ."

"ಇರಬೋದು" ಅಂದೆ.

"ಸರಿ. ಆಡಿದ ಮಾತು ತಪ್ಪಲ್ಲ ನಾನು. ಒಗ್ಗರಣೆ ಹಾಕಲಿ, ಮೊಟ್ಟೆ ಬೇಯ್ಸಲಿ. ಆದ್ರೆ ಒಂದು. ನನ್ನ ಬೆಳೆ ಯಾವತ್ತಾದ್ರೂ ಹೋದ್ರೆ, ಅವತ್ತಿಂದ ಎಲ್ಲಾ ಬಂದ್. ಮೊದ್ಲಿನಂಗೆ."

ಬೆಂಚುಗಳಲ್ಲಿ ಎಲ್ಲರೂ ತಲೆಯಾಡಿಸಿದರು. ಮೇಡಂ ಪುಸ್ತಕ ಬಿಚ್ಚಿ ಬರೆಯಲು ಪೆನ್ನು ತೆಗೆದರು. ಒಪ್ಪಿಕೊಳ್ಳಿ ಸರ್ ಎಂದು ಕಣ್ಣಲ್ಲೇ ಹೇಳಿದರು. ಗೆದ್ದಾಗಿತ್ತು, ಮನೆಗೆ ಹೋಗಬಹುದಿತ್ತು. ಆಗ ನನ್ನ ತಪ್ಪು ನನಗೆ ಕಂಡಿತು. ಹುಳ ಬದುಕಿದರೆ ಮಕ್ಕಳಿಗೆ ಸೊಪ್ಪು, ಸತ್ತರೆ ಇಲ್ಲ ಎಂಬ ಲೆಕ್ಕವನ್ನು ಮೊದಲು ಒಪ್ಪಿಕೊಂಡವನೇ ನಾನು. ಆ ತಟ್ಟೆ ತಂದು ಇಟ್ಟ ದಿನವೇ ನನ್ನ ಮಗಳ ಊಟವನ್ನು ಹುಳದ ಕೈಗೆ ಕೊಟ್ಟಿದ್ದೆ.

"ಬರೀಬೇಡಿ ಮೇಡಂ. ನಾನು ಒಪ್ಪಲ್ಲ."

"ಯಾಕಪ್ಪ?" ಅಧ್ಯಕ್ಷರಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಗೆದ್ದಿದೀಯಲ್ಲ ನೀನು?"

"ಬೆಳೆ ಮಳೆಗೂ ಹೋಗ್ತದೆ, ಶೆಕೆಗೂ ಹೋಗ್ತದೆ. ಹೋದಾಗೆಲ್ಲ ಮಕ್ಕಳು ಉಪವಾಸ ಇರಬೇಕಾ? ಈ ಗೂಡು ಕಟ್ಟದೇ ಎಲ್ಲಾ ಹುಳ ಸತ್ತಿದ್ರೂ ನಾನು ಇದನ್ನೇ ಕೇಳ್ತಿದ್ದೆ. ಇದು ಶಾಲೆ ಅಡುಗೆಮನೆ. ಇಲ್ಲಿ ಮೊದಲು ಮಕ್ಕಳು."

"ಹಂಗಾದ್ರೆ ನನ್ನ ಹುಳ?"

"ಹುಳುಮನೆ ನಿಮ್ಮದು ಅಣ್ಣ. ಅದರ ಕಿಟಕಿನೂ ನಿಮ್ಮದೇ."

"ಹುಚ್ಚು ಹಿಡಿದಿದೆಯೇನೋ ನಿನಗೆ, ಕೊಟ್ಟಿದ್ದು ತಗೊಳ್ಳೋ" ಎಂದು ಹಿಂದಿನಿಂದ ಅಮ್ಮನ ದನಿ ಬಂತು. ಬೆಂಚುಗಳು ಮತ್ತೆ ನಕ್ಕವು. ನಾನು ಕೂರಲಿಲ್ಲ. ಒಬ್ಬನೇ ನಿಂತಿದ್ದೇನೆ ಎಂದುಕೊಂಡಿದ್ದಾಗ ಅಡುಗೆಯಮ್ಮ ಬಾಗಿಲಿನಿಂದ ಒಳಕ್ಕೆ ಬಂದರು. ಅದುವರೆಗೆ ಅವರು ಸಭೆಯ ಒಳಗೆ ಕಾಲಿಟ್ಟದ್ದನ್ನು ಯಾರೂ ಕಂಡಿರಲಿಲ್ಲ.

"ಅಣ್ಣ, ದಿನಾ ಎರಡು ಬಕೀಟು ಅನ್ನ ಸಾರು ಹೊರಗೆ ಚೆಲ್ತಿದ್ದೆ ನಾನು. ಇಷ್ಟು ವರ್ಷ. ಈ ಮೂರು ವಾರ ಬಕೀಟು ತೊಳ್ಯೋ ಕೆಲ್ಸಾನೇ ಇಲ್ಲ. ನೀವು ಬಂದ್ ಅಂದ್ರೆ ಬಂದ್ ಮಾಡ್ತೀನಿ. ಆದ್ರೆ ಆ ಬಕೀಟು ತಂದು ನಿಮ್ಮನೆ ಬಾಗ್ಲಲ್ಲೇ ಇಡೋದು. ನೀವೇ ಚೆಲ್ಲಿ."

ಯಾರೂ ನಗಲಿಲ್ಲ. ಅಧ್ಯಕ್ಷರು ಗೂಡನ್ನು ಮೇಜಿನ ಮೇಲಿಟ್ಟು ಎದ್ದರು. "ನಾನು ಸೈನ್ ಹಾಕಲ್ಲ. ತಡಿಯೋದೂ ಇಲ್ಲ. ಏನಾದ್ರೂ ಮಾಡ್ಕಳ್ಳಿ" ಎಂದು ಹೊರಟುಹೋದರು. ಮೇಡಂ ಷರತ್ತಿಲ್ಲದೆ ಬರೆದ ಪುಸ್ತಕಕ್ಕೆ ಉಳಿದವರು ಒಬ್ಬೊಬ್ಬರಾಗಿ ಬಂದು ಸಹಿ ಹಾಕಿದರು, ಮೊಟ್ಟೆಯ ಹೊಸ ನಮೂನೆಗಳಿಗೂ ಹಾಕಿದರು.

ಹಿಂಗಾರು ಮಳೆ ಶುರುವಾಯಿತು. ಶಾಲೆಗೆ ಮತ್ತೆ ತಪಾಸಣೆಯವರು ಬಂದರು. ಮಗಳಿಗೆ ರಕ್ತ ಸ್ವಲ್ಪ ಏರಿದೆ, ಇನ್ನೂ ಸಾಲದು, ಈಗ ಮಾಡುತ್ತಿರುವುದನ್ನು ಬಿಡಬೇಡಿ ಎಂದು ಡಾಕ್ಟರಮ್ಮ ಹೇಳಿದರು. ಮಾತ್ರೆಯಿಂದಲೋ ಊಟದಿಂದಲೋ ಎಂದು ಕೇಳಿದೆ. "ಎರಡೂ ಸೇರಿ ಇರಬೋದು, ಬಿಡಿಸಿ ಹೇಳೋಕಾಗಲ್ಲ" ಅಂದರು.

ಅದಾಗಿ ಒಂದು ವಾರಕ್ಕೆ ಅಧ್ಯಕ್ಷರ ಹುಳಕ್ಕೆ ಸಪ್ಪೆ ರೋಗ ಬಿತ್ತು. ಮಳೆಗೆ ತೊಯ್ದ ಸೊಪ್ಪು ತಿಂದರೆ ಹುಳ ಹಾಗೆ ಮೆತ್ತಗಾಗಿ ಸಾಯುತ್ತವೆ ಎಂದು ಅಮ್ಮ. ಊರು ಬೇರೆಯೇ ಮಾತಾಡಿತು. ಕಾಲೇಜಿಗೆ ರಜೆಯಿದ್ದ ಒಂದು ಮಧ್ಯಾಹ್ನ ನಾನು ಶಾಲೆಯಲ್ಲಿದ್ದಾಗ ಅಧ್ಯಕ್ಷರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಕಣ್ಣು ಗುಳಿಬಿದ್ದಿದ್ದವು. ಒಂದು ಸಾಲು ಹುಳವನ್ನು ಪೂರ್ತಿ ಗುಂಡಿಗೆ ಹಾಕಿ ಬಂದಿದ್ದರು.

"ಒಗ್ಗರಣೆಯಿಂದ ಅಲ್ಲ ಅಂತ ಹೇಳ್ತೀಯೇನಪ್ಪಾ? ಆಣೆ ಮಾಡಿ ಹೇಳ್ತೀಯಾ?"

ಹೌದು ಎಂದುಬಿಟ್ಟರೆ ಅವರಿಗೂ ಸಮಾಧಾನ, ನನಗೂ ಬಿಡುಗಡೆ.

"ಇಲ್ಲ ಅಣ್ಣ. ನನಗೆ ಗೊತ್ತಿಲ್ಲ."

"ಮತ್ತೆ?"

"ಆದ್ರೂ ನಿಲ್ಸಲ್ಲ."

ಅವರು ನನ್ನನ್ನು, ತಟ್ಟೆ ಹಿಡಿದು ನಿಂತ ಮಕ್ಕಳ ಸಾಲನ್ನು ನೋಡಿದರು. ಸಾಲಿನಲ್ಲಿ ಅವರ ಮಗಳೂ ಇದ್ದಳು, ನನ್ನ ಮಗಳಿಗಿಂತ ಎರಡು ಜನ ಮುಂದೆ. ತಿರುಗಿ ಹೋದರು. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ಬಸ್ ಸ್ಟಾಂಡಿನಲ್ಲಿ ಎದುರಾದರೆ ಮುಖ ತಿರುಗಿಸುತ್ತಾರೆ. ಅದು ನನಗೆ ನೋವು ಕೊಡುತ್ತದೆ. ನೋವಿಗೆ ಹೆದರಿ ಮಾತು ಬದಲಿಸುವುದಿಲ್ಲ.

ಎರಡು ದಿನ ಕಳೆದು ಹುಳುಮನೆಯ ಈ ಕಡೆಯ ಕಿಟಕಿಗಳಿಗೆ ಒದ್ದೆ ಗೋಣಿಚೀಲಗಳು ಬಂದವು. ಒಗ್ಗರಣೆ ಹಾಕುವ ಮುಂಚೆ ಒಂದು ಮಾತು ಕೂಗಿ ಹೇಳು, ಚೀಲ ಇಳಿಬಿಡುತ್ತೇನೆ ಎಂದು ಅವರ ಹೆಂಡತಿ ಅಡುಗೆಯಮ್ಮನಿಗೆ ಹೇಳಿಕಳಿಸಿದ್ದರು. ಗೋಣಿಚೀಲ ಘಾಟು ತಡೆಯುತ್ತದೆಯೋ ಇಲ್ಲವೋ ನಾನು ಕೇಳಲು ಹೋಗಿಲ್ಲ. ಈಗ ದಿನಾ ಮಧ್ಯಾಹ್ನ ಎಣ್ಣೆ ಒಲೆಯ ಮೇಲಿಟ್ಟು ಅಡುಗೆಯಮ್ಮ ಗೋಡೆಯಾಚೆ ಕೂಗುತ್ತಾರೆ: "ಅಕ್ಕೋ, ಹಾಕ್ತೀನಿ!" ಒಮ್ಮೊಮ್ಮೆ ಆ ಕಡೆಯಿಂದ "ಹೂಂ" ಬರುತ್ತದೆ, ಒಮ್ಮೊಮ್ಮೆ ಬರುವುದಿಲ್ಲ. ಎಣ್ಣೆ ಕಾದ ಮೇಲೆ ಅವರು ಕಾಯುವುದಿಲ್ಲ.